ಒಂದು ಶಬ್ದ, ಹಲವು ಅರ್ಥ: ಚಿನ್ನದ ಗಣಿಯ ನೆರೆಯಲ್ಲಿ ಭಾಷಾಂತರ ವಿಚಾರ

ಬೆಂಗಳೂರಿನಿಂದ ಜೋಲಾರಪೇಟೆಗೆ ಹೋಗುವ ರೈಲುದಾರಿಯಲ್ಲಿ, ಬಂಗಾರಪೇಟೆಯನ್ನು ಹಿಂದಿಕ್ಕಿ, ಕನ್ನಡ ಸೀಮೆಯ ಎಲ್ಲೆ ಮುಗಿದು ಆಂಧ್ರದ ಬಿಸಾನತ್ತಂ ನಿಲ್ದಾಣ ಬರುವುದಕ್ಕೆ ಮುಂಚೆ, ಕಾಮಸಮುದ್ರವೆಂಬ ಊರು ದೊರೆಯುತ್ತದೆ. ಅತ್ತ ತೆಲುಗು, ಇತ್ತ ತಮಿಳು, ನಡುವೆ ಕನ್ನಡ, ಹೀಗೆ ಮೂರು ನುಡಿಗಳೂ ಒಂದೇ ಸಂತೆಯಲ್ಲಿ ಬೆರೆಯುವ ಗಡಿಯ ಹೋಬಳಿ ಇದು; ಕಾಡಿನ ಅಂಚಿನ ಹೊಲಗಳಿಗೆ ಆನೆಗಳು ಇಳಿದುಬರುವ ಸೀಮೆ. ಈ ಊರಿನ ಹೆಸರನ್ನು ನಿಘಂಟೊಂದನ್ನೇ ನಂಬಿಕೊಂಡು ಪರಭಾಷೆಗೆ ತಿರುಗಿಸಹೊರಟವನು ‘ಬಯಕೆಯ ಕಡಲು’ ಎಂದು ಬರೆದಾನು. ಬರೆದು, ತಾನು ಅಕ್ಷರಕ್ಕೆ ಅಕ್ಷರ ಸರಿಯಾಗಿಯೇ ಬರೆದೆನೆಂದು ಸಮಾಧಾನವನ್ನೂ ಪಟ್ಟಾನು. ಆದರೆ ಕಡಲು ಇಲ್ಲಿಂದ 200 ಕಿಲೋಮೀಟರಿಗಿಂತಲೂ ದೂರ. ತುಂಬಿ ಹರಿಯುವ ನದಿಯೊಂದಿಲ್ಲದೆ ಕೆರೆಗಳನ್ನೇ ಆಶ್ರಯಿಸಿ ಬದುಕಿದ ಕೋಲಾರ ಜಿಲ್ಲೆಯಲ್ಲಿ, ಹಾಗೆಯೇ ನಮ್ಮ ನಾಡಿನ ಒಳಭಾಗದಲ್ಲೆಲ್ಲ, ಊರ ಹೆಸರಿನ ಕೊನೆಗೆ ಬಂದು ನಿಲ್ಲುವ ಸಮುದ್ರವು ದೊಡ್ಡ ಕೆರೆಯೇ ಹೊರತು ಉಪ್ಪುನೀರಿನ ಸಾಗರವಲ್ಲ. ಹೊಯ್ಸಳರ ರಾಜಧಾನಿಯಾದ ದೋರಸಮುದ್ರದ ಸಮುದ್ರವೂ ಅಂಥದೇ. ಇನ್ನು ‘ಕಾಮ’ ಎಂಬುದೋ, ಬಯಕೆಯೂ ಆಗುವುದು, ಮನ್ಮಥನೂ ಆಗುವನು, ಹಳೆಯ ಶಾಸನಗಳಲ್ಲಿ ಮನುಷ್ಯರ ಹೆಸರೂ ಆಗಿ ಬರುವುದು.

ಇಲ್ಲಿಂದ ಕೆಲವೇ ಮೈಲಿಗಳಾಚೆ ಕೋಲಾರದ ಚಿನ್ನದ ಗಣಿಗಳ ಸೀಮೆಯ ಚಾಂಪಿಯನ್ ರೀಫ್ಸ್ ಎಂಬ ಊರಿದೆ. ಇಂಗ್ಲಿಷಿನಲ್ಲಿ ‘ರೀಫ್’ ಎಂದರೆ ಮೂಲತಃ ಕಡಲಿನ ನೀರಿನಡಿಯಲ್ಲಿ ಅಡಗಿ ಹಡಗುಗಳನ್ನು ಒಡೆಯುವ ಬಂಡೆಸಾಲು. ಆಸ್ಟ್ರೇಲಿಯದ ಚಿನ್ನದ ಸೀಮೆಗಳಲ್ಲಿ ಗಣಿಗಾರರು ಆ ಶಬ್ದವನ್ನು ಬಂಡೆಯ ನಡುವೆ ಹಾಯ್ದುಹೋಗುವ ಚಿನ್ನದ ಎಳೆಗೆ ಬಳಸತೊಡಗಿದರು. ಆ ಬಳಕೆಯೇ ದೇಶದಿಂದ ದೇಶಕ್ಕೆ ದಾಟಿ ಕೋಲಾರದ ನೆಲಕ್ಕೂ ಬಂದು ನಿಂತಿತು. ಹೀಗೆ, ಕಡಲನ್ನೇ ಕಾಣದ ಒಂದು ಪ್ರಾಂತ್ಯದಲ್ಲಿ ಸಂಸ್ಕೃತದಿಂದ ಬಂದ ಕಡಲ ಶಬ್ದವೊಂದು ಕೆರೆಯಾಗಿಯೂ, ಇಂಗ್ಲಿಷಿನಿಂದ ಬಂದ ಕಡಲ ಶಬ್ದವೊಂದು ಚಿನ್ನದ ಎಳೆಯಾಗಿಯೂ ನೆಲೆಸಿರುವುದನ್ನು ನೋಡಿದಾಗ, ಶಬ್ದಕ್ಕೆ ಅರ್ಥವನ್ನು ಕೊಡುವುದರಲ್ಲಿ ನಿಘಂಟಿಗಿಂತ ನೆಲದ ಪಾಲು ಎಷ್ಟು ಹಿರಿದೆಂಬುದು ಮನಸ್ಸಿಗೆ ಬರುತ್ತದೆ. ಇಂಗ್ಲಿಷಿನ ಅನೇಕಾರ್ಥ ಶಬ್ದಗಳನ್ನು ಕನ್ನಡಕ್ಕೆ ತರುವ ಕಾರ್ಯದ ಕಷ್ಟವೇನು, ಅದನ್ನು ನಮ್ಮವರು ಹೇಗೆ ನಿರ್ವಹಿಸಿದ್ದಾರೆ ಎಂಬ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಈ ಗಣಿಯ ನೆರೆಹೊರೆಗಿಂತ ತಕ್ಕ ಸ್ಥಳ ನಮ್ಮ ನಾಡಿನಲ್ಲಿ ಬೇರೊಂದಿಲ್ಲವೆಂದು ನಾನು ಭಾವಿಸುತ್ತೇನೆ.

ಶಬ್ದವೊಂದಕ್ಕೆ ಅರ್ಥಗಳು ಹಲವಾಗಿರುವುದು ಭಾಷೆಯ ದೋಷವಲ್ಲ. ಅದು ಭಾಷೆಯ ಸ್ವಭಾವ. ನಮ್ಮ ಪ್ರಾಚೀನರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದುದರಿಂದಲೇ ಅಮರಕೋಶದಲ್ಲಿ ನಾನಾರ್ಥವರ್ಗವೆಂಬುದು ಪ್ರತ್ಯೇಕವಾಗಿ ಏರ್ಪಟ್ಟಿತು. ಕನ್ನಡದಲ್ಲಿ ಎರಡನೆಯ ನಾಗವರ್ಮನು ತನ್ನ ಅಭಿಧಾನವಸ್ತುಕೋಶದಲ್ಲಿ ನಾನಾರ್ಥಗಳಿಗೆ ಎಡೆಮಾಡಿಕೊಟ್ಟನು. ದೇವೋತ್ತಮನು ನಾನಾರ್ಥರತ್ನಾಕರವೆಂಬ ಕೋಶವನ್ನೇ ರಚಿಸಿದನು. ಆದರೆ ಅರ್ಥಗಳನ್ನು ಒಟ್ಟುಗೂಡಿಸುವುದು ಒಂದು ಕೆಲಸ, ಅವುಗಳಲ್ಲಿ ಈಗ ಇಲ್ಲಿ ಬೇಕಾದುದು ಯಾವುದೆಂದು ನಿಶ್ಚಯಿಸುವುದು ಇನ್ನೊಂದು ಕೆಲಸ. ಈ ಎರಡನೆಯ ಕೆಲಸದ ವಿಧಿಯನ್ನು ಭರ್ತೃಹರಿಯು ವಾಕ್ಯಪದೀಯದ ಎರಡನೆಯ ಕಾಂಡದಲ್ಲಿ ಹೇಳಿಟ್ಟನು. ಅದನ್ನೇ ಮಮ್ಮಟನು ಕಾವ್ಯಪ್ರಕಾಶದಲ್ಲಿ ಉದಾಹರಣೆಗಳ ಸಮೇತ ವಿವರಿಸಿದನು. ಜೊತೆಗಿರುವ ವಸ್ತು, ಅದರ ಅಗಲಿಕೆ, ಸಾಹಚರ್ಯ, ವಿರೋಧ, ಪ್ರಯೋಜನ, ಪ್ರಕರಣ, ಗುರುತು, ನೆರೆಯ ಶಬ್ದದ ಸನ್ನಿಧಿ, ಸಾಮರ್ಥ್ಯ, ಔಚಿತ್ಯ, ದೇಶ, ಕಾಲ, ಲಿಂಗ, ಸ್ವರ, ಇವೇ ಮೊದಲಾದುವು ಸಂದಿಗ್ಧ ಶಬ್ದದ ಅರ್ಥವನ್ನು ಗೊತ್ತುಮಾಡುವ ಹೇತುಗಳೆಂಬುದು ಅವರ ಮತ. ಸೈಂಧವವೆಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಊಟಕ್ಕೆ ಕುಳಿತ ಯಜಮಾನನು ಸೈಂಧವವನ್ನು ತಾರೆಂದಾಗ ಉಪ್ಪನ್ನು ತರಬೇಕು, ಪ್ರಯಾಣಕ್ಕೆ ಅಣಿಯಾಗಿ ನಿಂತಾಗ ಕುದುರೆಯನ್ನು ತರಬೇಕು. ಇದು ಪ್ರಕರಣದ ಬಲ. ರಾಮನೂ ಲಕ್ಷ್ಮಣನೂ ಎಂದಾಗ ದಾಶರಥಿ, ರಾಮನೂ ಅರ್ಜುನನೂ ಎಂದಾಗ ಪರಶುರಾಮ ಮತ್ತು ಕಾರ್ತವೀರ್ಯ. ಮೊದಲನೆಯದು ಸಾಹಚರ್ಯದ ಬಲ, ಎರಡನೆಯದು ವಿರೋಧದ ಬಲ. ಸಾವಿರದೈನೂರು ವರ್ಷಗಳಷ್ಟು ಹಿಂದೆ ಸಂಸ್ಕೃತಕ್ಕಾಗಿ ಹೇಳಿದ ಈ ಮಾತು ಇಂಗ್ಲಿಷನ್ನು ಕನ್ನಡಕ್ಕೆ ತರುವ ಇಂದಿನವನಿಗೂ ಕೈದೀವಿಗೆಯಾಗಬಲ್ಲದೆಂಬುದನ್ನು ಗಣಿಯೊಳಕ್ಕೆ ಇಳಿದು ಪರೀಕ್ಷಿಸೋಣ.

ಗಣಿಗೆ ಇಂಗ್ಲಿಷಿನಲ್ಲಿ ‘ಮೈನ್’ ಎನ್ನುತ್ತಾರಷ್ಟೆ. ಅದೇ ಶಬ್ದ ಸರ್ವನಾಮವಾದಾಗ ‘ನನ್ನದು’. ಯುದ್ಧದ ಸುದ್ದಿಯಲ್ಲಿ ಬಂದಾಗ ನೆಲದಲ್ಲಿ ಹೂತಿಟ್ಟ ಸಿಡಿಗುಂಡು. ಕನ್ನಡದ ಲಿಪಿಗೆ ಇಳಿಸಿದರೆ ತೊಡಕು ಇನ್ನೂ ಒಂದು ಸುತ್ತು ಬಿಗಿಯಾಗುತ್ತದೆ. ಗಣಿಯ ಕೆಲಸಗಾರನೂ ‘ಮೈನರ್’, ವಯಸ್ಸಿಗೆ ಬಾರದ ಬಾಲಕನೂ ‘ಮೈನರ್’. ಇಂಗ್ಲಿಷಿನಲ್ಲಿ ಕಣ್ಣಿಗಾದರೂ ಬೇರೆಯಾಗಿದ್ದ ಎರಡು ಶಬ್ದಗಳು ಇಲ್ಲಿ ಕಣ್ಣಿಗೂ ಒಂದೇ ಆಗಿ ನಿಲ್ಲುತ್ತವೆ. ಆದುದರಿಂದ ಇಂಗ್ಲಿಷ್ ಶಬ್ದವನ್ನು ಹಾಗೆಯೇ ಎತ್ತಿಟ್ಟುಕೊಂಡರೆ ಅನೇಕಾರ್ಥದ ಬಾಧೆ ತಪ್ಪುವುದೆಂಬ ಮಾತು ಎಲ್ಲ ಕಡೆಯೂ ನಿಲ್ಲುವಂಥದಲ್ಲ.

‘ಗೋಲ್ಡ್ ಫೀಲ್ಡ್ಸ್’ ಎಂಬುದನ್ನು ಯಾರೂ ಚಿನ್ನದ ಹೊಲವೆನ್ನಲಿಲ್ಲ. ಫೀಲ್ಡ್ ಎಂದರೆ ಹೊಲ, ಆಟದ ಬಯಲು, ರಣರಂಗ, ವಿದ್ಯೆಯ ಒಂದು ವಿಭಾಗ, ಭೌತವಿಜ್ಞಾನಿಯ ಬಲಕ್ಷೇತ್ರ. ನಮ್ಮ ‘ಕ್ಷೇತ್ರ’ವೂ ಅಷ್ಟೇ ಹರಹುಳ್ಳ ಶಬ್ದ, ಉಳುವ ನೆಲ, ಪುಣ್ಯಸ್ಥಳ, ಚುನಾವಣೆಯ ವಿಭಾಗ, ಕಾಂತದ ಸುತ್ತಣ ಪ್ರದೇಶ, ಗೀತೆಯಲ್ಲಿಯಾದರೋ ಮನುಷ್ಯನ ದೇಹವೇ. ಎರಡು ಭಾಷೆಗಳ ಈ ಎರಡು ಶಬ್ದಗಳ ಅರ್ಥವಲಯಗಳು ಅರ್ಧಕ್ಕೆ ಒಂದರ ಮೇಲೊಂದು ಬಿದ್ದಿವೆ, ಇನ್ನರ್ಧ ಹೊರಚಾಚಿವೆ. ಭಾಷಾಂತರಕಾರನು ಎಡವುವುದು ಪೂರ್ತಿ ಹೊಂದದ ಶಬ್ದಗಳಲ್ಲಲ್ಲ, ಹೀಗೆ ಅರ್ಧ ಹೊಂದುವ ಶಬ್ದಗಳಲ್ಲಿ. ಏಕೆಂದರೆ ಇಲ್ಲಿ ಎಚ್ಚರ ತಪ್ಪುವುದು ಸುಲಭ. ಜನರಾದರೋ ಹೊಲವನ್ನೂ ಒಲ್ಲದೆ ಕ್ಷೇತ್ರವನ್ನೂ ಒಲ್ಲದೆ ‘ಕೋಲಾರ ಚಿನ್ನದ ಗಣಿ’ ಎಂದರು. ಫೀಲ್ಡ್ ಎಂಬ ಶಬ್ದವನ್ನು ಅವರು ಭಾಷಾಂತರಿಸಲಿಲ್ಲ, ಅಲ್ಲಿ ಇದ್ದ ವಸ್ತುವನ್ನು ಹೆಸರಿಸಿದರು. ಇದಕ್ಕಿಂತ ಒಳ್ಳೆಯ ಭಾಷಾಂತರವನ್ನು ನಾನು ಕಂಡಿಲ್ಲ.

ಗಣಿಯೊಳಗಿನ ಇಂಗ್ಲಿಷಿನ ವಿಶೇಷವೆಂದರೆ, ಅದರ ಪಾರಿಭಾಷಿಕ ಶಬ್ದಗಳಲ್ಲಿ ಬಹುಪಾಲು ಮನೆಮಾತಿನ ಸಾಮಾನ್ಯ ಶಬ್ದಗಳೇ. ಎಳೆಯನ್ನು ಹಿಡಿದು ಅಡ್ಡಲಾಗಿ ಕೊರೆದುಕೊಂಡು ಹೋದ ಸುರಂಗ ‘ಡ್ರೈವ್’. ಅಗೆತ ನಡೆಯುತ್ತಿರುವ ಬಂಡೆಯ ಎದುರುಮೈ ‘ಫೇಸ್’. ಚಿನ್ನದ ಎಳೆಯನ್ನು ಸುತ್ತುವರಿದ ಬರಿಯ ಬಂಡೆಗೆ ‘ಕಂಟ್ರಿ’ ಎಂದೇ ಹೆಸರು. ಸಾಧಾರಣ ಓದುಗನಿಗೆ ಸವಾರಿ, ಮುಖ, ದೇಶ ಎಂದು ತೋರುವ ಈ ಶಬ್ದಗಳು ಭೂಮಿಯ ಕೆಳಗೆ ಇಳಿದೊಡನೆ ಬೇರೆಯೇ ಆಗುತ್ತವೆ. ‘ಷಾಫ್ಟ್’ ಎಂಬುದು ಕವಿಗೆ ಬಾಣ, ಯಂತ್ರಶಿಲ್ಪಿಗೆ ತಿರುಗುವ ದಂಡ, ಗಣಿಗಾರನಿಗೆ ಬಾವಿಯಂತೆ ನೆಟ್ಟಗೆ ಇಳಿಯುವ ಕೂಪ. ಚಾಂಪಿಯನ್ ರೀಫಿನ ಕೂಪಗಳ ಮೂಲಕ ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಮನುಷ್ಯರು ಇಳಿದು ದುಡಿದರು. ಅವರನ್ನು ಇಳಿಸುತ್ತಿದ್ದುದು ‘ಕೇಜ್’. ಅದನ್ನು ಪಂಜರವೆಂದು ಬರೆದರೆ ಅಕ್ಷರಶಃ ಸರಿ, ಆದರೆ ಪಂಜರದೊಳಗಿನ ಜೀವ ಸೆರೆಯಲ್ಲಿರುವುದು, ಕೇಜಿನೊಳಗಿನ ಜೀವ ಕೆಲಸಕ್ಕೆ ಹೋಗುತ್ತಿರುವುದು. ಇಂಥ ಕಡೆ ಕೇಜ್ ಎಂಬ ಗಣಿಯ ಮಾತನ್ನೇ ಉಳಿಸಿಕೊಳ್ಳುವುದು ಉಚಿತ.

‘ಚಾರ್ಜ್’ ಎಂಬ ಶಬ್ದದ ಕಥೆ ಇನ್ನೂ ಸ್ವಾರಸ್ಯವಾದುದು. ನ್ಯಾಯಾಲಯದಲ್ಲಿ ಅದು ಆರೋಪ, ಕಚೇರಿಯಲ್ಲಿ ಪ್ರಭಾರ, ಅಂಗಡಿಯಲ್ಲಿ ಶುಲ್ಕ, ಸೈನ್ಯದಲ್ಲಿ ಮೇಲೆರಗುವುದು. ಗಣಿಯಲ್ಲಿ ಅದು ಬಂಡೆಗೆ ಕೊರೆದ ಕಂಡಿಯಲ್ಲಿ ತುಂಬುವ ಸಿಡಿಮದ್ದು. 1902ನೆಯ ಇಸವಿಯಲ್ಲಿ ಶಿವನಸಮುದ್ರದ ಜಲಪಾತದಿಂದ ಸುಮಾರು 92 ಮೈಲಿಗಳಷ್ಟು ದೂರ ತಂತಿಯನ್ನೆಳೆದು ಇದೇ ಗಣಿಗಳಿಗೆ ವಿದ್ಯುತ್ತನ್ನು ತಂದಾಗ, ಅದೇ ಶಬ್ದ ವಿದ್ಯುದಾವೇಶವೂ ಆಗಿ ಈ ನೆಲಕ್ಕೆ ಬಂದಿತು. ವಿಜ್ಞಾನದ ಕನ್ನಡವನ್ನು ರೂಪಿಸಿದವರು ಇಲ್ಲಿ ‘ಆವೇಶ’ವೆಂಬ ಶಬ್ದವನ್ನು ಆರಿಸಿಕೊಂಡುದು ವಿವೇಕದ ಕೆಲಸ. ಒಂದು ವಸ್ತುವಿನೊಳಕ್ಕೆ ಕಾಣದ ಶಕ್ತಿಯೊಂದು ಹೊಕ್ಕಿರುವುದೆಂಬ ಭಾವ ಅದರಲ್ಲಿದೆ. ಆರೋಪದ ನೆರಳಾಗಲಿ ಶುಲ್ಕದ ನೆರಳಾಗಲಿ ಇಲ್ಲ. ಇಂಗ್ಲಿಷಿನಲ್ಲಿ ಒಂದೇ ಆಗಿದ್ದುದು ಕನ್ನಡದಲ್ಲಿ ಐದಾರಾಯಿತೆಂದು ಕೊರಗುವವರಿದ್ದಾರೆ. ನನಗಾದರೋ ಇದು ಲಾಭವಾಗಿಯೇ ತೋರುತ್ತದೆ. ಇಂಗ್ಲಿಷಿನವನು ವಾಕ್ಯವನ್ನೆಲ್ಲ ಓದಿ ನಿಶ್ಚಯಿಸಬೇಕಾದುದನ್ನು ಕನ್ನಡದವನಿಗೆ ಶಬ್ದವೇ ಹೇಳಿಬಿಡುತ್ತದೆ.

ಈ ನೆಲದ ಚರಿತ್ರೆಯನ್ನು ಒಂದೇ ಶಬ್ದದಲ್ಲಿ ಹಿಡಿದಿಡಬಹುದಾದರೆ ಅದು ‘ಸ್ಟ್ರೈಕ್’. ಭೂವಿಜ್ಞಾನಿಯ ವರದಿಯಲ್ಲಿ ಸ್ಟ್ರೈಕ್ ಎಂದರೆ ಓರೆಯಾಗಿ ನಿಂತ ಬಂಡೆಯ ಪದರವು ನೆಲದಲ್ಲಿ ಚಾಚಿಕೊಂಡ ದಿಕ್ಕು. ಅದು ‘ಡಿಪ್’ ಎಂಬ ಶಬ್ದದ ಜೊತೆಗಲ್ಲದೆ ಬರುವುದು ವಿರಳ, ಡಿಪ್ ಎಂದರೆ ಆ ಪದರವು ಕೆಳಕ್ಕೆ ಇಳಿಯುವ ವಾಟ. ಪತ್ರಿಕೆಯ ಸುದ್ದಿಯಲ್ಲಿ ಅದೇ ಶಬ್ದ ಕೂಲಿಗಾರರು ಕೆಲಸ ನಿಲ್ಲಿಸುವುದು. ಚಿನ್ನವನ್ನು ಅರಸುವವನಿಗೆ ಅದು ದಿಢೀರನೆ ನಿಕ್ಷೇಪ ದೊರೆಯುವುದು. ಸುತ್ತಿಗೆಯವನಿಗೆ ಬರಿಯ ಏಟು. 1930ರಲ್ಲಿ ಇಲ್ಲಿಯ ಗಣಿಗಳ ಕೂಲಿಗಾರರು ತಮ್ಮ ಬೆರಳಚ್ಚುಗಳನ್ನು ತೆಗೆದುಕೊಂಡು ನೋಂದಾಯಿಸುವ ಕ್ರಮವನ್ನು ವಿರೋಧಿಸಿ ಕೆಲಸವನ್ನು ನಿಲ್ಲಿಸಿದರು. ಅದು ಈ ಊರಿನ ಕಾರ್ಮಿಕ ಚರಿತ್ರೆಯಲ್ಲಿ ದೊಡ್ಡ ಘಟನೆ. ಆ ಕಾಲದ ಇಂಗ್ಲಿಷ್ ಕಾಗದಪತ್ರಗಳನ್ನು ಮುಂದಿಟ್ಟುಕೊಂಡವನಿಗೆ ಒಂದು ಹಾಳೆಯಲ್ಲಿ ಬಂಡೆಯ ಸ್ಟ್ರೈಕೂ ಮತ್ತೊಂದು ಹಾಳೆಯಲ್ಲಿ ಮನುಷ್ಯರ ಸ್ಟ್ರೈಕೂ ಎದುರಾಗುವುದು ಸಹಜ. ಎರಡನ್ನೂ ಬೇರ್ಪಡಿಸುವುದು ಭರ್ತೃಹರಿಯ ಸೂತ್ರವೇ. ಡಿಪ್ಪಿನ ಸಾಹಚರ್ಯವಿದ್ದರೆ ಬಂಡೆ. ಸಂಘ, ಬೇಡಿಕೆ, ಕೂಲಿ ಎಂಬ ಶಬ್ದಗಳ ಸನ್ನಿಧಿಯಿದ್ದರೆ ಮನುಷ್ಯ. ಮಾಲೀಕರು ಬಾಗಿಲು ಹಾಕಿದರೆಂಬ ವಿರೋಧವು ಎದುರಿಗಿದ್ದರೆ ಆಗಲೂ ಮನುಷ್ಯನೇ.

ಕನ್ನಡದಲ್ಲಿ ಇದಕ್ಕೆ ‘ಮುಷ್ಕರ’ವೆಂಬ ಶಬ್ದ ನೆಲೆಗೊಂಡಿತು. ಹಳೆಯ ಬಳಕೆಯಲ್ಲಿ ಮುಷ್ಕರವೆಂದರೆ ಹಟ, ಮೊಂಡುತನ. ಕೆಲಸ ನಿಲ್ಲಿಸಿ ಪಟ್ಟುಹಿಡಿದು ಕುಳಿತವನ ಹಟವು ಕ್ರಮೇಣ ಅವನ ನ್ಯಾಯವಾದ ಹಕ್ಕಿನ ಹೆಸರಾದುದು ಗಮನಿಸತಕ್ಕ ವಿಷಯ. ನಿಂದೆಯ ಶಬ್ದವೊಂದು ತನ್ನ ಕಳಂಕವನ್ನು ತೊಳೆದುಕೊಂಡು ಗೌರವದ ಶಬ್ದವಾಯಿತು. ಆದರೆ ಕಾಮಸಮುದ್ರದಿಂದ ಕೂಗಳತೆಯ ಗಡಿಯನ್ನು ದಾಟಿದರೆ ತೆಲುಗಿನಲ್ಲಿ ‘ಮುಷ್ಕರುಡು’ ಎಂದರೆ ದುಷ್ಟ, ಕ್ರೂರಿ. ಈಗಿನ ತೆಲುಗು ಪತ್ರಿಕೆಗಳು ಭಯೋತ್ಪಾದಕರನ್ನು ಆ ಶಬ್ದದಿಂದ ಕರೆಯುತ್ತವೆ. ಕೆಲಸ ನಿಲ್ಲಿಸುವುದಕ್ಕೆ ತೆಲುಗಿನವರು ‘ಸಮ್ಮೆ’ ಎನ್ನುತ್ತಾರೆ, ತಮಿಳರು ‘ವೇಲೈನಿರುತ್ತಂ’ ಎನ್ನುತ್ತಾರೆ. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬಂದ ತಮಿಳು ತೆಲುಗು ಜನರೇ ಗಣಿಯ ದುಡಿಮೆಯ ಬಹುಭಾಗವನ್ನು ಹೊತ್ತುದರಿಂದ, ಇಂಗ್ಲಿಷಿನ ಒಂದು ಸ್ಟ್ರೈಕಿಗೆ ಒಂದೇ ಬೀದಿಯಲ್ಲಿ ಮೂರು ಹೆಸರುಗಳು ಓಡಾಡಿದವು. ಅವುಗಳಲ್ಲಿ ಒಂದು ಹೆಸರು ಪಕ್ಕದ ಮನೆಯವನ ಭಾಷೆಯಲ್ಲಿ ಬೈಗುಳಕ್ಕೆ ಸಮೀಪವಾಗಿತ್ತು. ‘ಅವಸರ’ವೆಂಬ ಶಬ್ದವೂ ಹೀಗೆಯೇ, ಕನ್ನಡದವನಿಗೂ ತಮಿಳನಿಗೂ ಅದು ತ್ವರೆ, ತೆಲುಗಿನವನಿಗೆ ಅಗತ್ಯ. ಗಡಿಯಲ್ಲಿ ಬೆಳೆದವನು ಇದನ್ನೆಲ್ಲ ಯಾವ ಶಾಸ್ತ್ರವನ್ನೂ ಓದದೆ ಕಲಿತಿರುತ್ತಾನೆ. ಎದುರಿಗಿರುವವನು ಯಾರೆಂದು ನೋಡಿ ಅರ್ಥವನ್ನು ಆರಿಸಿಕೊಳ್ಳುವುದು ಅವನಿಗೆ ನಿತ್ಯದ ಅಭ್ಯಾಸ.

ಬಂಗಾರಪೇಟೆಯ ಹೆಸರನ್ನು ಇಲ್ಲಿ ನೆನೆಯದಿರುವುದಕ್ಕಾಗುವುದಿಲ್ಲ. ಅದರ ಮೊದಲ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರ ವರೆಗೆ ಮೈಸೂರಿನ ಕಮಿಷನರಾಗಿದ್ದ ಲ್ಯೂಯಿನ್ ಬೆಂಥಂ ಬೌರಿಂಗನ ಹೆಸರಿನಿಂದ ಬಂದದ್ದು. ಅವನು ನಾಡನ್ನು ಬಿಟ್ಟುಹೋದ ಮೇಲೆ ನೆರೆಯಲ್ಲಿ ಚಿನ್ನದ ಗಣಿಗಳು ಎದ್ದವು. ಜನರ ನಾಲಗೆಯ ಮೇಲೆ ಬೌರಿಂಗ್ ಬಂಗಾರವಾಯಿತು. ಅರ್ಥ ತಿಳಿಯದ ಪರಕೀಯ ಧ್ವನಿಯೊಂದನ್ನು, ಅದಕ್ಕೆ ಹತ್ತಿರವೂ ಸ್ಥಳಕ್ಕೆ ಉಚಿತವೂ ಆದ ಸ್ವಭಾಷೆಯ ಶಬ್ದವೊಂದಕ್ಕೆ ಜನರು ಹೊಂದಿಸಿದ ಈ ಕ್ರಮವೂ ಒಂದು ಬಗೆಯ ಭಾಷಾಂತರವೇ ಸರಿ. ಇನ್ನೂ ಸೋಜಿಗವಾದುದು ಬೌರಿಂಗನ ಮನೆತನದ ವೃತ್ತಾಂತ. ಅವನ ತಂದೆ ಸರ್ ಜಾನ್ ಬೌರಿಂಗನು ಬಹುಭಾಷಾವಿದನೆಂದು ಹೆಸರಾದವನು, ಹಾಂಗ್‌ಕಾಂಗಿನ ಗವರ್ನರಾಗಿದ್ದವನು. ಅವನು ಸ್ಪೇನಿನ ಪ್ರಾಚೀನ ಗೀತಗಳನ್ನೂ ಕಥನಕವನಗಳನ್ನೂ ಇಂಗ್ಲಿಷಿಗೆ ತಂದ ಗ್ರಂಥ ಪ್ರಕಟವಾದುದು 1824ರಲ್ಲಿ. ಅದೇ ವರ್ಷ ಲ್ಯೂಯಿನ್ ಹುಟ್ಟಿದನು. ಅದೇ ವರ್ಷ ಇತ್ತ ಮದರಾಸಿನಲ್ಲಿ, ಬಳ್ಳಾರಿಯ ಪಾದ್ರಿಯಾಗಿದ್ದ ವಿಲಿಯಂ ರೀವನ ಇಂಗ್ಲಿಷ್–ಕರ್ಣಾಟಕ ನಿಘಂಟು ಅಚ್ಚಾಯಿತು. ಈ ಮೂರಕ್ಕೂ ಪರಸ್ಪರ ಸಂಬಂಧವೇನೂ ಇಲ್ಲ. ಆದರೂ ಸ್ಪಾನಿಷಿನಿಂದ ಇಂಗ್ಲಿಷಿಗೆ ಪದ್ಯಗಳನ್ನು ದಾಟಿಸಿದವನ ಮಗನ ಹೆಸರು ಕೋಲಾರದ ಒಂದು ರೈಲುಜಂಕ್ಷನ್ನಿಗೆ ಅಂಟಿ, ಅಲ್ಲಿ ಕನ್ನಡವಾಗಿ ಮಾರ್ಪಟ್ಟಿತೆಂಬುದು ನೆನೆದಷ್ಟೂ ಹಿತವಾದ ವಿಷಯ.

ಸ್ಪಾನಿಷಿನ ಪ್ರಸ್ತಾಪ ಬಂದುದರಿಂದ ಒಂದು ಮಾತು. ಇಂಗ್ಲಿಷಿನಿಂದ ಸ್ಪಾನಿಷಿಗೆ ಭಾಷಾಂತರ ಮಾಡುವವರು ಎದುರಿಸುವ ಇಕ್ಕಟ್ಟುಗಳನ್ನು ನೋಡಿದರೆ ಅವು ನಮ್ಮವೇ ಎಂದು ತೋರುವಷ್ಟು ಹತ್ತಿರವಾಗಿವೆ. ಇಂಗ್ಲಿಷಿನ ‘ಟೈಮ್’ ಅವರಲ್ಲಿ ಮೂರಾಗಿ ಒಡೆಯುತ್ತದೆ. ಹರಿದುಹೋಗುವ ಕಾಲಕ್ಕೆ ತಿಯೆಂಪೊ, ಗಡಿಯಾರದ ಹೊತ್ತಿಗೆ ಓರಾ, ಎಷ್ಟನೆಯ ಸಲವೆಂಬುದಕ್ಕೆ ವೆಸ್. ಕನ್ನಡದಲ್ಲಿಯೂ ಕಾಲ, ಗಂಟೆ, ಸಲ ಎಂದು ಒಡಕು ಅದೇ ಗೆರೆಯಲ್ಲಿ ಬೀಳುತ್ತದೆ. ಇಂಗ್ಲಿಷಿನ ಅಸ್ತ್ಯರ್ಥಕ ಕ್ರಿಯಾಪದವು ಅವರಲ್ಲಿ ಸೆರ್ ಮತ್ತು ಎಸ್ತಾರ್ ಎಂದು ಎರಡು. ಒಬ್ಬಳು ವೈದ್ಯೆಯೆನ್ನುವುದಕ್ಕೆ ಒಂದು, ಅವಳು ಮನೆಯಲ್ಲಿದ್ದಾಳೆನ್ನುವುದಕ್ಕೆ ಇನ್ನೊಂದು. ನಾವಾದರೋ ‘ಅವಳು ವೈದ್ಯೆ’ ಎಂದು ಕ್ರಿಯಾಪದವೇ ಇಲ್ಲದೆ ಹೇಳಿ, ಎರಡನೆಯ ಕಡೆ ಮಾತ್ರ ‘ಇರು’ ಧಾತುವನ್ನು ತರುತ್ತೇವೆ. ‘ಯೂ’ ಎಂಬ ಒಂದು ಶಬ್ದಕ್ಕೆ ಅವರಿಗೆ ತೂ, ಉಸ್ತೆದ್. ನಮಗೆ ನೀನು, ನೀವು, ತಾವು. ಇಂಗ್ಲಿಷ್ ಕಾದಂಬರಿಯ ಗಂಡಹೆಂಡಿರ ಸಂಭಾಷಣೆಯನ್ನು ಕನ್ನಡಕ್ಕೆ ತರುವವನು, ಮೂಲವು ಹೇಳದೆ ಬಿಟ್ಟ ಸಂಬಂಧದ ತೂಕವನ್ನು ತಾನೇ ನಿರ್ಣಯಿಸಬೇಕಾಗುತ್ತದೆ. ಆ ಹೊಣೆಯಿಂದ ಅವನಿಗೆ ಬಿಡುಗಡೆಯಿಲ್ಲ. ಹೊಂದದ ಕಡೆಗಳೂ ಇವೆ. ನೀರಿನಲ್ಲಿ ಈಜುವ ಮೀನು ಸ್ಪೇನಿನವರಿಗೆ ಪೆಸ್, ಹಿಡಿದು ತಿನ್ನುವುದು ಪೆಸ್ಕಾದೊ. ನಮಗೆ ಎರಡೂ ಮೀನೇ. ಅವರಿಗೂ ಇಂಗ್ಲಿಷಿನವರಿಗೂ ಒಂದೇ ಆಗಿರುವ ಧಾನ್ಯ ನಮಗೆ ಗದ್ದೆಯಲ್ಲಿ ಭತ್ತ, ಕಣಜದಲ್ಲಿ ಅಕ್ಕಿ, ಎಲೆಯಲ್ಲಿ ಅನ್ನ. ಇನ್ನು ಗಣಿಯ ಸ್ಟ್ರೈಕು. ಬಂಡೆಯದಾದರೆ ಅವರಲ್ಲಿ ರುಂಬೊ, ಕೂಲಿಗಾರರದಾದರೆ ವೆಲ್ಗಾ. ವೆಲ್ಗಾ ಎಂಬುದರ ಧಾತುವಿಗೆ ವಿರಮಿಸು ಎಂದರ್ಥ. ಹಟದಿಂದ ಕನ್ನಡವೂ ವಿಶ್ರಾಂತಿಯಿಂದ ಸ್ಪಾನಿಷೂ ಹೊರಟು ಒಂದೇ ಎಡೆಗೆ ಬಂದು ಸೇರಿದವು.

ಕೋಶಕಾರರ ಪರಿಶ್ರಮವನ್ನು ಸ್ಮರಿಸದೆ ಮುಂದೆ ಹೋಗುವುದು ಕೃತಘ್ನತೆ. ರೀವನ ತರುವಾಯ, ಕನ್ನಡದಿಂದ ಇಂಗ್ಲಿಷಿಗೆ ದಾರಿಮಾಡಿಕೊಟ್ಟ ಕಿಟ್ಟೆಲರ ಮಹಾಕೋಶ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವವರಿಗೆ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ದೊರಕಿತು. ಆ ನಿಘಂಟಿನ ಪುಟವೊಂದನ್ನು ತೆರೆದು ‘ಸೆಟ್’, ‘ರನ್’, ‘ಟೇಕ್’ ಮುಂತಾದ ಚಿಕ್ಕ ಶಬ್ದಗಳ ಕೆಳಗೆ ಎಷ್ಟು ಅರ್ಥಗಳನ್ನು ಬಿಡಿಸಿ ಬಿಡಿಸಿ ಜೋಡಿಸಬೇಕಾಯಿತೆಂಬುದನ್ನು ನೋಡಿದರೆ ಸಂಪಾದಕರ ತಾಳ್ಮೆಗೆ ಯಾರಾದರೂ ತಲೆಬಾಗಬೇಕು. ದೊಡ್ಡ ಶಬ್ದಗಳು ಭಾಷಾಂತರಕಾರನನ್ನು ಕಾಡುವುದು ಕಡಿಮೆ. ಅವುಗಳಿಗೆ ಸಂಸ್ಕೃತದ ಬೊಕ್ಕಸವಿದೆ. ಕಾಡುವುವು ಈ ಚಿಕ್ಕವೇ. ಯಂತ್ರವನ್ನು ‘ರನ್’ ಮಾಡಿದರೆ ನಡೆಸುವುದು, ನದಿ ಮಾಡಿದರೆ ಹರಿಯುವುದು, ಕುದುರೆ ಮಾಡಿದರೆ ಓಡುವುದು. ನಮ್ಮಲ್ಲಿಯೂ ‘ತೆಗೆ’ ಎಂಬ ಧಾತು ಅಂಥದೇ. ಬಾಗಿಲು ತೆಗೆಯುವುದು, ಸಾಲ ತೆಗೆಯುವುದು, ಬಟ್ಟೆ ತೆಗೆಯುವುದು, ತಂಟೆ ತೆಗೆಯುವುದು. ಇದನ್ನು ಇಂಗ್ಲಿಷಿಗೆ ಒಯ್ಯುವವನೂ ಅಷ್ಟೇ ಬೆವರಬೇಕು. ಪ್ರೊಫೆಸರ್ ಜಿ.ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ವೆಂಬ ಅಂಕಣವನ್ನು ನಡೆಸಿ ಜನರ ಶಬ್ದಸಂದೇಹಗಳಿಗೆ ವರ್ಷಗಟ್ಟಲೆ ಸಮಾಧಾನ ಹೇಳಿದರು. 107 ವರ್ಷಗಳ ತುಂಬುಬಾಳನ್ನು ಬಾಳಿ 2021ರಲ್ಲಿ ಅಗಲಿದ ಆ ಹಿರಿಯರು ಶಬ್ದಾರ್ಥದ ವಿಚಾರವನ್ನು ವಿದ್ವಾಂಸರ ಕೋಣೆಯಿಂದ ಬೆಳಗಿನ ಪತ್ರಿಕೆಗೆ ತಂದುದು ನಮ್ಮ ನಾಡಿಗೆ ಮಾಡಿದ ಮಹೋಪಕಾರ.

ಕಾವ್ಯಕ್ಕೆ ಬಂದರೆ ಕಷ್ಟದ ಬಗೆಯೇ ಬೇರೆ. ಶಾಸ್ತ್ರದಲ್ಲಿ ಹಲವು ಅರ್ಥಗಳಲ್ಲಿ ಒಂದನ್ನು ಆರಿಸಿದರೆ ಕೆಲಸ ಮುಗಿಯಿತು; ಕವಿಯಾದರೋ ಒಂದಕ್ಕಿಂತ ಹೆಚ್ಚು ಅರ್ಥಗಳನ್ನು ಬೇಕೆಂದೇ ಒಟ್ಟಿಗೆ ನಿಲ್ಲಿಸಿರುತ್ತಾನೆ. ಈ ಜಿಲ್ಲೆಯವರೇ ಆದ, ಮಾಲೂರು ತಾಲ್ಲೂಕಿನ ಮಾಸ್ತಿಯ ವೆಂಕಟೇಶ ಅಯ್ಯಂಗಾರ್ಯರು ಮನೆಯಲ್ಲಿ ತಮಿಳಾಡಿ ಕನ್ನಡದಲ್ಲಿ ಬರೆದವರು. ಷೇಕ್ಸ್‌ಪಿಯರನ ಲಿಯರ್ ನಾಟಕವನ್ನು ‘ಲಿಯರ್ ಮಹಾರಾಜ’ವೆಂದೂ, ಟೆಂಪೆಸ್ಟನ್ನು ‘ಚಂಡಮಾರುತ’ವೆಂದೂ ಕನ್ನಡಿಸಿದರು. ಅದೇ ಟೆಂಪೆಸ್ಟನ್ನು ಕುವೆಂಪು ಅವರು ‘ಬಿರುಗಾಳಿ’ಯೆಂಬ ಸ್ವತಂತ್ರ ರೂಪಾಂತರವಾಗಿ ಮಲೆನಾಡಿನ ಗಾಳಿಯಲ್ಲಿ ಕಟ್ಟಿದ್ದರು. ಲಿಯರ್ ನಾಟಕದಲ್ಲಿ ‘ಫೂಲ್’ ಎಂಬ ಶಬ್ದವು ದೊರೆಯ ವಿದೂಷಕನನ್ನೂ ಹೇಳುತ್ತದೆ, ಮಕ್ಕಳನ್ನು ಮುದ್ದಿನಿಂದ ಕರೆಯುವ ಆ ಕಾಲದ ಇಂಗ್ಲಿಷಿನ ಮಾತೂ ಆಗಿರುತ್ತದೆ; ಕೊನೆಯ ದೃಶ್ಯದಲ್ಲಿ ಮುದಿದೊರೆಯು ಸತ್ತ ಮಗಳನ್ನು ಎತ್ತಿಕೊಂಡು ಅದೇ ಶಬ್ದವನ್ನು ಉಚ್ಚರಿಸಿದಾಗ ಅವನು ನೆನೆದದ್ದು ಮಗಳನ್ನೋ ವಿದೂಷಕನನ್ನೋ ಎಂದು ವಿಮರ್ಶಕರು ಇಂದಿಗೂ ಚರ್ಚಿಸುತ್ತಾರೆ. ಇಂಗ್ಲಿಷ್ ನಟನು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಹೋಗಬಲ್ಲ. ಕನ್ನಡದ ಲೇಖನಿ ವಿದೂಷಕನೆಂದು ಬರೆದರೆ ಮಗಳು ಜಾರುತ್ತಾಳೆ, ಕಂದನೆಂದು ಬರೆದರೆ ವಿದೂಷಕ ಜಾರುತ್ತಾನೆ. ‘ಹುಚ್ಚು’ ಎಂಬ ನಮ್ಮ ಶಬ್ದಕ್ಕೆ ಮಾತ್ರ ಬೈಗುಳದಲ್ಲಿಯೂ ಮುದ್ದಿನಲ್ಲಿಯೂ ಓಡಾಟವಿದೆ. ತಾಯಿ ಮಗುವನ್ನು ಹುಚ್ಚಪ್ಪ ಎಂದು ಕರೆಯುವುದುಂಟು. ಅರ್ಥವಲ್ಲ, ಅರ್ಥದ ಅನಿಶ್ಚಯವನ್ನೇ ಭಾಷಾಂತರಿಸಬೇಕಾದ ಇಂಥ ಸ್ಥಳಗಳಲ್ಲಿ ಗ್ರಾಂಥಿಕ ಶಬ್ದಕ್ಕಿಂತ ಅಡುಗೆಮನೆಯ ಶಬ್ದವೇ ಹೆಚ್ಚು ಸಮರ್ಥವೆಂದು ನನ್ನ ನಂಬಿಕೆ.

ಕಚೇರಿಯ ಕನ್ನಡದಲ್ಲಿ ಒಂದು ಹಟ ಬೆಳೆದಿದೆ. ಒಂದು ಇಂಗ್ಲಿಷ್ ಶಬ್ದಕ್ಕೆ ಒಂದೇ ಕನ್ನಡ ಶಬ್ದ, ಅದು ಎಲ್ಲೆಡೆಯೂ ಅದೇ ಆಗಿರಬೇಕೆಂಬುದು. ಒಂದು ಶಾಸ್ತ್ರದ ಒಳಗೆ ಈ ನಿಯಮ ಅವಶ್ಯಕ. ಸಂವಿಧಾನದಲ್ಲಿ ‘ಆರ್ಟಿಕಲ್’ ಒಮ್ಮೆ ಅನುಚ್ಛೇದವಾದ ಮೇಲೆ ಕೊನೆಯ ವರೆಗೂ ಅನುಚ್ಛೇದವೇ ಆಗಿರತಕ್ಕದ್ದು. ಆದರೆ ಅದೇ ನಿಯಮವನ್ನು ಶಾಸ್ತ್ರದ ಬೇಲಿಯಾಚೆಗೂ ಎಳೆದೊಯ್ದರೆ ಪತ್ರಿಕೆಯ ಲೇಖನವೂ ವ್ಯಾಪಾರದ ಸರಕೂ ಅನುಚ್ಛೇದವಾಗಬೇಕಾದೀತು. ‘ಸ್ಟೇಟ್’ ಎಂಬ ಶಬ್ದವನ್ನೇ ನೋಡಿ. 1947ಕ್ಕೆ ಮುಂಚಿನ ಮೈಸೂರಿನ ಕಾಗದಗಳಲ್ಲಿ ಅದು ಸಂಸ್ಥಾನ; 1956ರ ಏಕೀಕರಣದ ತರುವಾಯ ರಾಜ್ಯ; ಮುಳಬಾಗಿಲಿನವರಾದ ಡಿ.ವಿ.ಜಿ.ಯವರು ಜೀವಮಾನವೆಲ್ಲ ಚಿಂತಿಸಿದ ರಾಜ್ಯಶಾಸ್ತ್ರದ ದೃಷ್ಟಿಯಿಂದ ಅದು ಪ್ರಜೆಗಳ ಸಮಷ್ಟಿಯ ಆಳ್ವಿಕೆ, ವಿಜ್ಞಾನದಲ್ಲಿ ಸ್ಥಿತಿ. ಇಲ್ಲಿ ಅರ್ಥವನ್ನು ಗೊತ್ತುಮಾಡುವುದು ಭರ್ತೃಹರಿಯು ಹೇಳಿದ ಕಾಲವೆಂಬ ಹೇತು. ಹಳೆಯ ಕಡತವೊಂದನ್ನು ಇಂದು ಭಾಷಾಂತರಿಸುವವನು ಇಸವಿಯನ್ನು ನೋಡದೆ ಲೇಖನಿಯನ್ನು ಊರಬಾರದು. ಈಗ ಯಂತ್ರಗಳೂ ಭಾಷಾಂತರ ಮಾಡತೊಡಗಿವೆ. ಅಕ್ಕಪಕ್ಕದ ಶಬ್ದಗಳನ್ನು ನೋಡಿ ಅರ್ಥವನ್ನು ಊಹಿಸುವ ಅವುಗಳ ವಿಧಾನವು ಆ ಪಟ್ಟಿಯ ಶಬ್ದಸನ್ನಿಧಿಯೆಂಬ ಹೇತುವಿಗೆ ಸರಿಯಾಗಿ ಹೊಂದುವುದು ಕುತೂಹಲಕರ. ದೇಶವೆಂಬ ಹೇತು ಮಾತ್ರ ಯಾರೋ ಬರೆದಿಟ್ಟ ಹೊರತು ಅವುಗಳಿಗೆ ದೊರೆಯುವಂಥದಲ್ಲ.

ಆ ದೇಶವೆಂಬ ಹೇತುವಿಗೆ ಗಣಿಯ ಊರಿನ ‘ಲೈನು’ ಎಂಬ ಶಬ್ದ ಸಾಕ್ಷಿ. ಇಂಗ್ಲಿಷಿನಲ್ಲಿ ಲೈನ್ ಎಂದರೆ ಗೆರೆ, ಸಾಲು, ಪದ್ಯದ ಪಂಕ್ತಿ, ರೈಲುದಾರಿ, ದೂರವಾಣಿಯ ತಂತಿ, ವಂಶ. ಕನ್ನಡಕ್ಕೆ ಬಂದ ಇಂಗ್ಲಿಷ್ ಶಬ್ದಗಳು ಸಾಮಾನ್ಯವಾಗಿ ತಮ್ಮ ಅರ್ಥಗಳಲ್ಲಿ ಒಂದನ್ನೇ ಹೊತ್ತುಕೊಂಡು ಬಂದು ಮಿಕ್ಕವನ್ನು ಹೊಸಿಲಾಚೆ ಬಿಡುತ್ತವೆ. ‘ಕರೆಂಟು’ ವಿದ್ಯುತ್ತೇ ಹೊರತು ನದಿಯ ಸೆಳೆತವಲ್ಲ, ‘ಕೇಸು’ ಮೊಕದ್ದಮೆಯೇ ಹೊರತು ಪೆಟ್ಟಿಗೆಯಲ್ಲ, ‘ಡ್ಯೂಟಿ’ ಪಾಳಿಯ ಕೆಲಸವೇ ಹೊರತು ಸುಂಕವಲ್ಲ. ಗಣಿಯ ಊರಿನಲ್ಲಿ ಲೈನು ಎಂದರೆ ಕೂಲಿಗಾರರ ಮನೆಗಳ ಸಾಲು, ಆ ಸಾಲಿನ ಸಂಸಾರಗಳು, ಆ ಸಂಸಾರಗಳ ನೆರೆಹೊರೆ. ಯಾವ ಲೈನಿನವನೆಂದು ಕೇಳಿದರೆ ಯಾವ ಕೇರಿಯವನೆಂದು ಕೇಳಿದಂತೆ. ಇದನ್ನು ಸಾಲೆಂದು ಬರೆದರೂ ಗೆರೆಯೆಂದು ಬರೆದರೂ ಆ ಮನೆಗಳ ಬದುಕು ಒಳಗೆ ಬರುವುದಿಲ್ಲ.

ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು 2001ನೆಯ ಇಸವಿಯ ಫೆಬ್ರವರಿ 28ರಂದು ಮುಚ್ಚಿದವು. ಕೆಳಗೆ ಇಳಿದು ದುಡಿದವರು ಈಗ ವೃದ್ಧರು. ಡ್ರೈವ್, ಫೇಸ್, ಕೇಜ್, ಲೈನು ಎಂಬ ಶಬ್ದಗಳನ್ನು ಅವರು ಯಾವ ಅರ್ಥದಲ್ಲಿ, ಯಾವ ಉಚ್ಚಾರದಲ್ಲಿ, ತಮಿಳಿನ ಯಾವ ಪ್ರತ್ಯಯದೊಡನೆ, ತೆಲುಗಿನ ಯಾವ ಕ್ರಿಯಾಪದದೊಡನೆ ಬಳಸಿದರೆಂಬುದು ಅವರ ನಾಲಗೆಯ ಮೇಲಲ್ಲದೆ ಬೇರೆಲ್ಲಿಯೂ ಪೂರ್ತಿಯಾಗಿ ದೊರೆಯುವುದಲ್ಲ. ವಿಶ್ವವಿದ್ಯಾನಿಲಯಗಳ ಭಾಷಾವಿಭಾಗಗಳವರೂ ಕನ್ನಡ ಸಾಹಿತ್ಯ ಪರಿಷತ್ತಿನ ಜಿಲ್ಲಾಶಾಖೆಯವರೂ ಒಂದುಗೂಡಿ ಮಾರಿಕುಪ್ಪಂ, ಊರಿಗಾಂ, ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆಗಳಲ್ಲಿಯೂ, ಗಣಿಗೆ ಆಳುಗಳನ್ನು ಕಳುಹಿಸಿದ ಸುತ್ತಣ ಹಳ್ಳಿಗಳಲ್ಲಿಯೂ ಕುಳಿತು, ಒಂದೊಂದು ಶಬ್ದಕ್ಕೂ ಇಂಗ್ಲಿಷಿನ ಸಾಮಾನ್ಯ ಅರ್ಥವನ್ನೂ ಗಣಿಯ ಅರ್ಥವನ್ನೂ ಮೂರು ಭಾಷೆಗಳ ಬಳಕೆಯನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಬೇಕು. ಹೇಳಿದವರು ಯಾವ ಗಣಿಯಲ್ಲಿ ಯಾವ ಕೆಲಸ ಮಾಡಿದರೆಂಬುದನ್ನೂ ಸೇರಿಸಿಕೊಳ್ಳಬೇಕು. ಮೈಸೂರು, ನಂದಿದುರ್ಗ, ಊರಿಗಾಂ, ಚಾಂಪಿಯನ್ ರೀಫ್ ಗಣಿಗಳು ಬಹುಕಾಲ ಬೇರೆಬೇರೆ ಕಂಪನಿಗಳ ಕೈಯಲ್ಲಿದ್ದುದರಿಂದ ಒಂದು ಗಣಿಯ ಬಳಕೆ ಇನ್ನೊಂದರಲ್ಲಿ ಹಾಗೆಯೇ ಇದ್ದಿರಬೇಕೆಂಬ ನಿಯಮವಿಲ್ಲ. ಆ ಭೇದಗಳನ್ನು ಅಳಿಸದೆ, ಪ್ರತಿಯೊಂದು ಅರ್ಥದ ಎದುರಿಗೂ ಅದು ದೊರೆತ ಗಣಿಯ ಹೆಸರನ್ನು ನಮೂದಿಸತಕ್ಕದ್ದು.